ಮುಚ್ಚಳ ಬಿಚ್ಚದ ಮೆಕ್ಯಾನಿಕ್

ಚಿಗಟೇರಿಯ ಅತಾವುಲ್ಲಾ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುವವನು. ಯಾವ ಡಬ್ಬಿ ಕಂಡರೂ ಒಳಗೇನಿದೆ ಎಂದು ನೋಡದೆ ಬಿಡುವ ಆಸಾಮಿಯಲ್ಲ. 2004ರಲ್ಲಿ ಮೊದಲ ಸಲ ಮತಯಂತ್ರದ ಗುಂಡಿ ಒತ್ತಿ, ‘ಬೀಪ್’ ಕೇಳಿ ಹೊರಗೆ ಬಂದಂದಿನಿಂದ ಒಂದೇ ಗುಂಗು: ಒಳಗೆ ಹೋದ ಓಟು ಎಲ್ಲಿ ಕೂತಿರುತ್ತದೆ?

2008ರ ಚುನಾವಣೆಗೆ ಪಕ್ಷೇತರನಾಗಿ ನಿಂತ ಮೈಲಾರಲಿಂಗಪ್ಪನಿಗೆ ಮತಗಟ್ಟೆಯಲ್ಲಿ ಕೂರಲು ಏಜೆಂಟರೇ ಸಿಗಲಿಲ್ಲ. ಅತಾವುಲ್ಲಾ ತಾನಾಗಿ ಹೋಗಿ ಹೆಸರು ಬರೆಸಿದ. ಯಂತ್ರವನ್ನು ಹತ್ತಿರದಿಂದ ನೋಡಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಮತಗಟ್ಟೆಯ ಅಧಿಕಾರಿ ಕೊಟ್ಟೂರಿನ ಟೀಚರ್ ಗೀತಮ್ಮ. ಮತದಾನಕ್ಕೆ ಮೊದಲು ಏಜೆಂಟರ ಮುಂದೆ ಅಣಕು ಮತದಾನ ನಡೆಸಿದರು. ಅತಾವುಲ್ಲಾ ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದ. ದಾಖಲಾದದ್ದು ಒಂದೇ ಓಟು.

“ಇದ್ಯಾಕ್ರಿ ಮೇಡಂ, ಉಳಿದ ಒಂಬತ್ತು ಎಲ್ಲಿಗೆ ಹೋದ್ವು?”

“ಎಲ್ಲಿಗೂ ಹೋಗಿಲ್ರಿ, ಹುಟ್ಟೇ ಇಲ್ಲ. ಇಲ್ಲಿ ನನ್ನ ಮೇಜಿನ ಮ್ಯಾಲಿನ ಪೆಟ್ಟಿಗ್ಯಾಗ ನಾವು ಗುಂಡಿ ಒತ್ತಿದ್ರಷ್ಟ ಅಲ್ಲಿ ಮತ ಹಾಕೋ ಪೆಟ್ಟಿಗಿ ಒಂದು ಓಟು ತಗಂತೈತಿ. ಮತ್ತೊಂದಕ್ಕ ನಾವ ಮತ್ತ ಒತ್ತಬೇಕು.”

ಅಣಕು ಓಟುಗಳನ್ನೆಲ್ಲ ಅಳಿಸಿ, ಯಂತ್ರಕ್ಕೆ ಸೀಲು ಹಾಕಿ, ಏಜೆಂಟರ ಸಹಿ ಪಡೆದು ಮತದಾನ ಶುರು ಮಾಡಿದರು. ಮಧ್ಯಾಹ್ನ 212 ಓಟು ಆಗುವ ಹೊತ್ತಿಗೆ ಮತ ಹಾಕುವ ಪೆಟ್ಟಿಗೆ ಸುಮ್ಮನಾಯಿತು. ಗುಂಡಿ ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ಹೊರಗೆ ಸಾಲಿನಲ್ಲಿ ಗೊಣಗಾಟ ಎದ್ದಿತು.

ಅತಾವುಲ್ಲಾನ ಕೈ ತುರಿಸತೊಡಗಿತು. “ವೈರು ಸಡ್ಲಾಗೈತ್ರಿ. ಎರಡು ನಿಮಿಷ ಬಿಚ್ಚಿ ಕೊಡ್ತೀನಿ.”

ಗೀತಮ್ಮ ಕೈ ಅಡ್ಡ ಹಿಡಿದರು. “ನೀವು ಸರಿ ಮಾಡ್ತೀರಿ ಅಂತ ನನಗ ನಂಬಿಕಿ ಐತ್ರಿ. ಆದ್ರ ಒಳಗ ಏನು ಮಾಡಿದ್ರಿ ಅಂತ ಹೊರಗ ನಿಂತ ಮಂದಿಗೆ ಹ್ಯಾಂಗ ಗೊತ್ತಾಗಬೇಕು?”

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ. ಹರಪನಹಳ್ಳಿಯಿಂದ ಜೀಪಿನಲ್ಲಿ ಬೇರೆ ಯಂತ್ರ ಬಂತು.

“ಹಳೇದ್ರಾಗಿನ ಓಟು?” ಎಂದ ಅತಾವುಲ್ಲಾ. “ಬ್ಯಾಟ್ರಿ ತಗದ್ರ ಅಳಿಸಿ ಹೋಗಂಗಿಲ್ಲೇನ್ರಿ?”

“ಬ್ಯಾಟ್ರಿ ತಗದ್ರೂ ಅದರ ನೆನಪಿನ್ಯಾಗ ಇರ್ತಾವು. ಎಣಿಕಿ ದಿನ ಎರಡೂ ಯಂತ್ರ ಸೇರಿಸಿ ಲೆಕ್ಕ ಹಾಕ್ತಾರ. ಬಂದು ನೋಡ್ರಿ.”

ಎಣಿಕೆಯ ದಿನವೂ ಅವನು ಮೈಲಾರಲಿಂಗಪ್ಪನ ಏಜೆಂಟನಾಗಿ ಹೋಗಿ ಮುಂದಿನ ಸಾಲಿನಲ್ಲೇ ನಿಂತ. ಕೆಟ್ಟಿದ್ದ ಯಂತ್ರದ ಸೀಲು ಒಡೆದು ಫಲಿತಾಂಶದ ಗುಂಡಿ ಒತ್ತಿದರು. ಒಟ್ಟು 212, ಒಂದೂ ಕಮ್ಮಿಯಿಲ್ಲ. ಅದರಲ್ಲಿ ಮೈಲಾರಲಿಂಗಪ್ಪನಿಗೆ ನಾಲ್ಕು.

“ಬರೀ ನಾಕಾ?” ಎಂದು ಮೈಲಾರಲಿಂಗಪ್ಪ ಮುಖ ಸಣ್ಣ ಮಾಡಿದ.

“ನಾಕೂ ಸುಳ್ಳಲ್ಲಣ್ಣಾ, ನಾನ ಕುಂತು ಕಾದೀನಿ,” ಎಂದು ಅತಾವುಲ್ಲಾ ಅವನನ್ನು ಚಹಾ ಕುಡಿಸಲು ಕರೆದುಕೊಂಡು ಹೋದ.