ಸಗಾಯಮ್ಮನ ಮನೆಯ ಸರದಿ

ಭದ್ರಾವತಿಯಲ್ಲಿ ನಮ್ಮ ಚರ್ಚಿನ ಬೀದಿಯಲ್ಲಿ ಕ್ರೈಸ್ತರ ಮನೆಗಳು ಮೂವತ್ತೆರಡು. ಅಕ್ಟೋಬರಿನಲ್ಲಿ ಮಾತೆ ಮರಿಯಮ್ಮನ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಎಲ್ಲರೂ ಅಲ್ಲಿ ಸೇರಿ ಜಪಸರದ ಪ್ರಾರ್ಥನೆ ಮಾಡಿ, ಟೀ ಕುಡಿದು ಬರುತ್ತೇವೆ. ತಿಂಗಳಿಗೆ ಮೂವತ್ತೊಂದೇ ದಿನ, ಹಾಗಾಗಿ ಪ್ರತಿ ವರ್ಷವೂ ಒಂದು ಮನೆ ತಪ್ಪುತ್ತದೆ. ಪಟ್ಟಿ ಬರೆಯುವವಳು ನಾನು, ಲೂರ್ದಮ್ಮ. ಹನ್ನೊಂದು ವರ್ಷವೂ ನಾನು ಬಿಟ್ಟದ್ದು ಒಂದೇ ಮನೆಯನ್ನು.

ಅದು ಸಗಾಯಮ್ಮನ ಮನೆ. ಗಂಡ ಬಿಟ್ಟುಹೋದ ಮೇಲೆ ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆದು ಬದುಕಿದವಳು. ಒಬ್ಬಳೇ ಮಗಳು ಜಾಸ್ಮಿನ್‌ಗೆ ಪಿಯುಸಿ ಓದುವಾಗ ತಲೆ ಕೆಟ್ಟಿತು. ಕಂಡವರಿಗೆ ಉಗಿಯುವಳು, ಬಾಯಿಗೆ ಬಂದಂತೆ ಬೈಯುವಳು. ಒಮ್ಮೆ ಪೂಜೆಯ ನಡುವೆ ಫಾದರ್ ಮೇಲೆ ಚಪ್ಪಲಿ ಎಸೆದಳು. ಅಂದಿನಿಂದ ಸಗಾಯಮ್ಮ ಮಗಳನ್ನು ಹಿಡಿದುಕೊಂಡು ಚರ್ಚಿನ ಮುಂಬಾಗಿಲ ಹೊರಗೇ ನಿಂತು ಪೂಜೆ ಕೇಳುತ್ತಿದ್ದಳು. ನಾವು ಆ ಬಾಗಿಲನ್ನೇ ಬಿಟ್ಟು ಪಕ್ಕದ ಬಾಗಿಲಿನಿಂದ ಒಳಗೆ ಹೋಗತೊಡಗಿದೆವು. ನಾನೂ ಅಷ್ಟೇ! ಯೇಸು ಹುಡುಕಿಕೊಂಡು ಹೋದದ್ದು ಯಾರಿಗೂ ಬೇಡವಾದವರನ್ನೇ ಎಂದು ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮಹಾತಾಯಿ ನಾನು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಸಗಾಯಮ್ಮ ನಮ್ಮ ಮನೆಗೆ ಬಂದಳು. ಒಳಗೆ ಕರೆಯಲಿಲ್ಲ, ಗೇಟಿನಲ್ಲೇ ಮಾತಾಡಿಸಿದೆ.

"ಅಕ್ಕ, ಈ ಸಲ ನಮ್ಮನೆಗೂ ಮಾತೆ ಬರ್ಲಿ. ಮಗೀಗೆ ಸ್ವಲ್ಪ ನೆಮ್ಮದಿ ಸಿಗುತ್ತೋ ಏನೋ."

"ದಿನ ಎಲ್ಲಿದೆ ಮಾರಾಯ್ತಿ? ಮೂವತ್ತೊಂದೂ ತುಂಬೋಯ್ತು."

"ಯಾರದಾದ್ರೂ ಮನೆ ಮುಗಿಸ್ಕೊಂಡು ಐದು ನಿಮಿಷ ಬನ್ನಿ, ಸಾಕು. ಅವಳನ್ನ ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ."

"ಒಂದೇ ದಿನ ಎರಡು ಮನೆ ಮಾಡೋ ಪದ್ಧತಿ ಇಲ್ಲ. ಮುಂದಿನ ವರ್ಷ ನೋಡೋಣ, ಹೋಗು."

ಪದ್ಧತಿಯಂತೆ, ಪದ್ಧತಿ! ಹಿಂದೊಮ್ಮೆ ಜೋರು ಮಳೆಗೆ ಒಂದು ದಿನ ತಪ್ಪಿದಾಗ ಮರುದಿನ ಎರಡು ಮನೆ ಮಾಡಿದ್ದೆವು. ಅದು ಅವಳಿಗೂ ಗೊತ್ತಿತ್ತು. ಆದರೂ "ಆಯ್ತಕ್ಕ" ಎಂದಷ್ಟೇ ಹೇಳಿ ಹೋದಳು.

ಜನವರಿಯಲ್ಲಿ ಒಂದು ಮದುವೆಯ ಪಾತ್ರೆ ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಬಿದ್ದಳು, ಮತ್ತೆ ಏಳಲಿಲ್ಲ. ಮಣ್ಣಿಗೆ ಬೀದಿಯೆಲ್ಲ ಬಂತು. ಸತ್ತವಳ ಮನೆಗೆ ಹೋಗಲು ನಮಗೆ ಯಾವ ಪದ್ಧತಿಯೂ ಅಡ್ಡ ಬರಲಿಲ್ಲ. ಜಾಸ್ಮಿನ್‌ಳನ್ನು ಸಿಸ್ಟರುಗಳು ಶಿವಮೊಗ್ಗಕ್ಕೆ, ರಾಗಿಗುಡ್ಡದ ಕಡೆಯ ಒಂದು ಆಶ್ರಮಕ್ಕೆ ಕರೆದೊಯ್ದರು. ಅವಳ ಬಟ್ಟೆ ಕಟ್ಟಿಕೊಡಲು ಹೋದವಳು ನಾನೇ. ಮಂಚದ ಕೆಳಗೆ ಒಂದು ರಟ್ಟಿನ ಡಬ್ಬವಿತ್ತು. ತೆರೆದರೆ ಒಳಗೆ ಮೂರು ಡಜನ್ ಹೊಸ ಸ್ಟೀಲ್ ಲೋಟಗಳು, ಸ್ಟಿಕರ್ ಕೂಡ ಕಿತ್ತಿರಲಿಲ್ಲ. ಜಪಕ್ಕೆ ಬಂದವರಿಗೆ ಟೀ ಕೊಡಲೆಂದು ತಂದಿಟ್ಟಿದ್ದಳು. ಅಯ್ಯೋ ದೇವರೇ, ಅಲ್ಲೇ ಕೂತು ಅತ್ತುಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಈಗ ಪ್ರತಿ ಭಾನುವಾರ ಪೂಜೆ ಮುಗಿಸಿ ಶಿವಮೊಗ್ಗದ ಬಸ್ಸು ಹತ್ತುತ್ತೇನೆ. ಜಾಸ್ಮಿನ್ ಈಗ ಉಗಿಯುವುದಿಲ್ಲ, ಮಾತ್ರೆ ತಿಂದು ಮಂಕಾಗಿದ್ದಾಳೆ. ತಲೆ ಬಾಚಲು ಬಿಡುತ್ತಾಳೆ. ನಾಳೆ ಮಾತೆ ಬರುತ್ತಾಳೆ ಎಂದು ಅಮ್ಮ ದಿನವೂ ಹೇಳಿ ಮಲಗಿಸುತ್ತಿದ್ದಳಂತೆ. ಅದಕ್ಕೇ ಪ್ರತಿ ಸಲ ಒಂದೇ ಪ್ರಶ್ನೆ: "ಆಂಟಿ, ನಮ್ಮನೆ ಸರದಿ ಯಾವತ್ತು?"

ಆ ಮನೆಗೆ ಬೇರೆ ಬಾಡಿಗೆಯವರು ಬಂದಾಗಿದೆ. ಆದರೂ "ನಾಳೆ ಕಣೇ" ಎಂದು ಎಷ್ಟೋ ವಾರ ಸುಳ್ಳು ಹೇಳಿದೆ. ಹೋದ ಭಾನುವಾರ ತಡೆಯಲಾಗಲಿಲ್ಲ.

"ಮಾತೆ ನಿಮ್ಮನೆಗೆ ಬರಲ್ಲ ಮಗಾ. ನಾನೇ ಕರ್ಕೊಂಡು ಬರ್ಲಿಲ್ಲ. ತಪ್ಪು ನಂದೇ" ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿ, ಮುಖಕ್ಕೆ ಉಗಿಯಲಿ ಎಂದೇ ಕಾದೆ. ಅವಳು ಮೆಲ್ಲಗೆ ಹೇಳಿದಳು:

"ಹಂಗಾದ್ರೆ ಅಮ್ಮಂಗೆ ಹೇಳ್ಬಿಡಿ ಆಂಟಿ. ಪಾಪ, ಇನ್ನೂ ಕಾಯ್ತಿರ್ತಾಳೆ."