ಶೇಷಪ್ಪಣ್ಣನಿಗೆ ಓದದ ಹನ್ನೊಂದು ಪುಟ

ಕಣ್ಣು ಪೂರ್ತಿ ಹೋದ ಮೇಲೂ ಟೈಲರ್ ಶೇಷಪ್ಪಣ್ಣ ಬಂದವರ ಅಂಗಿಯ ಹೆಗಲು ಸವರಿ ಹೊಲಿಗೆಗೆ ಮಾರ್ಕು ಕೊಡುತ್ತಿದ್ದರು. ರೆಡಿಮೇಡ್ ಅಂಗಿ ತೊಟ್ಟು ಹೋದ ದಿನ ನನಗೆ ಮಂಗಳಾರತಿ. "ಎಂತ ಮೇಷ್ಟ್ರೇ ಇದು, ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿಲ್ಲ. ನಾಳೆ ದಪ್ಪ ಆದ್ರೆ ಎಂತ ಮಾಡ್ತೀರಿ?" ಅವರು ಹೊಲಿದ ಪ್ಯಾಂಟುಗಳಲ್ಲಿ ಎರಡಿಂಚು ಬಟ್ಟೆ ಹೆಚ್ಚಿಗೆ ಒಳಗೆ ಮಡಚಿರುತ್ತಿತ್ತು. ಹೇಳಿದ ದಿನಕ್ಕೆ ಮಾತ್ರ ಒಂದನ್ನೂ ಕೊಟ್ಟವರಲ್ಲ.

ನಾನು ರಿಪ್ಪನ್‌ಪೇಟೆಯ ಹೈಸ್ಕೂಲಿಗೆ ಬಂದ ಹೊಸತರಲ್ಲಿ ಪ್ಯಾಂಟು ಹೊಲಿಸಲು ಹೋದಾಗ, ಅವರ ಮಿಷನ್ನಿನ ಪಕ್ಕ ನನ್ನ ಮೆಚ್ಚಿನ ಕಾದಂಬರಿಕಾರರ ಪುಸ್ತಕವೊಂದು ಬೋರಲಾಗಿ ಬಿದ್ದಿತ್ತು. ಅಂದಿನಿಂದ ಆ ಅಂಗಡಿಗೆ ಅಂಟಿಕೊಂಡೆ. ಆಮೇಲೆ ಸಕ್ಕರೆ ಕಾಯಿಲೆ ಶೇಷಪ್ಪಣ್ಣನ ಕಣ್ಣು ತಿಂದು, ಕಿಡ್ನಿಗೂ ಬಂತು. ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಆ ಹೊತ್ತಿಗೇ ಆ ಕಾದಂಬರಿಕಾರರ ಪ್ರವಾಸದ ನೆನಪುಗಳು ಪುಸ್ತಕವಾಗಿ ಬಂದವು. ಸಾಗರದಿಂದ ತಂದು, ಪ್ರತಿ ಭಾನುವಾರ ಅವರ ಮನೆಯಲ್ಲಿ ಗಟ್ಟಿಯಾಗಿ ಓದತೊಡಗಿದೆ.

ತಾನು ಯಾರೆಂದು ತಿಳಿಯಬೇಕೆಂದು ಹೊರಟು, ಬಾಲ್ಯದ ಗೆಳೆಯನ ಜೊತೆ ಊರೂರು ಅಲೆದ ಕಥೆ ಅದು. ಹಿಮದ ಬೆಟ್ಟವೇ ಬರಲಿ, ಮರಳುಗಾಡೇ ಬರಲಿ, ಶೇಷಪ್ಪಣ್ಣನ ಪ್ರಶ್ನೆ ಒಂದೇ: "ಅಲ್ಲಿಯವ್ರು ಎಂತ ಹಾಕ್ತಾರಂತೆ?" ಆ ಗೆಳೆಯ ಬಸ್ಸು ತಪ್ಪಿಸಿಕೊಂಡಾಗ, ಲಾಡ್ಜಿನಲ್ಲಿ ಚಪ್ಪಲಿ ಮರೆತಾಗ ಹೊಟ್ಟೆ ಹಿಡಿದು ನಗುತ್ತಿದ್ದರು. "ಇವ ನಮ್ಮವ ಮಾರಾಯ್ರೆ!"

ಒಂದು ಶನಿವಾರ ಮುಂದಿನ ಅಧ್ಯಾಯವನ್ನು ಮೊದಲೇ ಓದಿಕೊಂಡೆ. ಕಡಲ ತೀರದ ಊರೊಂದರಲ್ಲಿ ಗೆಳೆಯ ಜ್ವರ ಬಂದು ಮಲಗುತ್ತಾನೆ. ರೋಗಿಯ ಮುಖ ನೋಡುತ್ತ ಕೂರಲಾರದೆ ಕಾದಂಬರಿಕಾರರು ಸೂರ್ಯಾಸ್ತ ನೋಡಲು ಹೋಗುತ್ತಾರೆ. ಬರುವಷ್ಟರಲ್ಲಿ ಅವನು ಒಬ್ಬನೇ ಸತ್ತಿರುತ್ತಾನೆ. ತಾನು ಎಂಥವನೆಂದು ಅವರಿಗೆ ಗೊತ್ತಾದದ್ದು ಅಲ್ಲಿ. ಹನ್ನೊಂದು ಪುಟ. ಮಾರನೆಯ ದಿನ ಅಷ್ಟನ್ನೂ ಹಾರಿಸಿ ಓದಿದೆ.

ಶೇಷಪ್ಪಣ್ಣ ಕೈ ಎತ್ತಿದರು. "ತಡೀರಿ. ಇಲ್ಲಿ ಹೊಲಿಗೆ ಬಿಟ್ಟಿದೆ. ಗೆಳೆಯ ಎಲ್ಲಿ?"

"ಊರಿಗೆ ವಾಪಸ್ ಹೋದ್ರಂತೆ."

"ಹೇಳ್ದೆ ಕೇಳ್ದೆ?" ಕೈ ಚಾಚಿ ನನ್ನ ತೊಡೆಯ ಮೇಲಿದ್ದ ಪುಸ್ತಕ ಸವರಿದರು. "ಡಾಕ್ಟ್ರು ಹುಷಾರಾಗ್ತೀರಿ ಅಂತಾರೆ. ನಮ್ಮ ಲಲಿತಾನೂ ಅಂತಾಳೆ. ಸುಳ್ಳು ಅಂತ ಗೊತ್ತು, ಹೂಂ ಅಂತೀನಿ. ನೀವು ಪುಸ್ತಕದಲ್ಲಿ ಇದ್ದದ್ದು ಓದ್ತೀರಿ ಅಂದ್ಕೊಂಡಿದ್ದೆ ಮೇಷ್ಟ್ರೇ. ಬರೋ ಭಾನುವಾರ ಬಿಟ್ಟಿದ್ದು ಓದಿ."

ಓದುತ್ತೇನೆಂದು ಮಾತು ಕೊಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆ ಭಾನುವಾರ ನಮ್ಮ ಶಾಲೆಯವರು ಆಗುಂಬೆಗೆ ಪ್ರವಾಸ ಹೊರಟಿದ್ದರು. ಶಾಲೆಯ ಕೆಲಸವಿದೆ ಎಂದು ಶೇಷಪ್ಪಣ್ಣನ ಹೆಂಡತಿ ಲಲಿತಕ್ಕನಿಗೆ ಫೋನ್ ಮಾಡಿ ನಾನೂ ವ್ಯಾನ್ ಹತ್ತಿದೆ. ಸೂರ್ಯಾಸ್ತದ ಕಟ್ಟೆಯ ಮೇಲೆ ಎಲ್ಲರ ಜೊತೆ ನಿಂತೆ. ಮೋಡ ಕವಿದು ಏನೂ ಕಾಣಲಿಲ್ಲ. ಹೇಡಿ ನಾನು, ಆ ಪುಟಗಳನ್ನು ಓದಿಯೂ ಬುದ್ಧಿ ಬಂದಿರಲಿಲ್ಲ.

ಮಂಗಳವಾರ, ನಾನು ಒಂಬತ್ತನೇ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದಾಗ ಶೇಷಪ್ಪಣ್ಣ ಹೋದರು. ಲಲಿತಕ್ಕ ಪಕ್ಕದಲ್ಲಿದ್ದರು ಎಂಬುದೊಂದೇ ಸಮಾಧಾನ.

ಕಾರ್ಯಗಳೆಲ್ಲ ಮುಗಿದ ಮೇಲೆ ಮನೆಗೆ ಹೋದೆ. ಲಲಿತಕ್ಕ ಟೀ ಕೊಟ್ಟು ಎದುರು ಕೂತರು.

"ಆ ಭಾನುವಾರ ಬೆಳಿಗ್ಗೇನೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಕೂತಿದ್ರು. ನಿಮ್ಮ ಫೋನ್ ಬಂದಿತ್ತು ಅಂದ್ರೂ ಏಳ್ಲಿಲ್ಲ. ಮೇಷ್ಟ್ರು ಬಂದೇ ಬರ್ತಾರೆ, ಗೆಳೆಯ ಎಂತಾದ ಅಂತ ಇವತ್ತು ಗೊತ್ತಾಗುತ್ತೆ ಅಂತಿದ್ರು. ಎಂತಾದ್ರಂತೆ ಮೇಷ್ಟ್ರೇ ಅವ್ರು? ಊರು ಮುಟ್ಟಿದ್ರಾ?"

"ಇಲ್ಲ ಲಲಿತಕ್ಕ, ಸತ್ತುಹೋದ್ರು. ಜೊತೆಗಿದ್ದವರು ಸೂರ್ಯಾಸ್ತ ನೋಡೋಕೆ ಹೋಗಿದ್ರು," ಎಂದೆ. ಆಮೇಲೆ, ಆ ಭಾನುವಾರ ನಾನು ಎಲ್ಲಿದ್ದೆ ಎಂಬುದನ್ನೂ ಹೇಳಿದೆ.

ಲಲಿತಕ್ಕ ಇನ್ನೂ ಅರ್ಧ ಟೀ ಇದ್ದ ನನ್ನ ಲೋಟ ಎತ್ತಿಕೊಂಡು ಒಳಗೆ ಹೋದರು.