ಇಲಿಯ ಲೆಕ್ಕದ ಕಷಾಯ

ಇಲಿ ಕೊಲ್ಲುವುದು ನನಗೆ ಹೊಸದಲ್ಲ. ಚಿಕ್ಕಮಗಳೂರಿನ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು, ಹೆಣ್ಣಿಲಿಗಳಿಗೆ ಔಷಧಿ ಕುಡಿಸಿ ಅವುಗಳ ಅಂಡಾಶಯದ ತುಂಬ ನೀರುಗುಳ್ಳೆ ಏಳಿಸುತ್ತೇನೆ. ಅಂದರೆ ಬೇಕೆಂದೇ ಪಿಸಿಓಎಸ್ ಬರಿಸುತ್ತೇನೆ. ಆಮೇಲೆ ಗಿಡಮೂಲಿಕೆಯ ಸಾರ ಕೊಟ್ಟು ಗುಣವಾಯಿತೇ ಎಂದು ನೋಡುತ್ತೇನೆ. ನೋಡುವುದೆಂದರೆ ಮೂರ್ಛೆ ಬರಿಸಿ, ಕತ್ತು ಮುರಿದು, ಹೊಟ್ಟೆ ಬಗೆಯುವುದು. ಗುಣವಾದವೂ ಬದುಕುವುದಿಲ್ಲ. ಆ ದಿನ ನನಗೆ ಊಟ ಸೇರುವುದಿಲ್ಲ.

ಇದೇ ಕಾಯಿಲೆ ನನ್ನ ತಂಗಿಗೆ. ಜಾವಳಿಯ ಕಾಫಿ ಬೆಳೆಗಾರರ ಮನೆಗೆ ಅವಳನ್ನು ಕೊಟ್ಟಿದ್ದೆವು. ತಿಂಗಳುಗಟ್ಟಲೆ ಮುಟ್ಟಾಗುವುದಿಲ್ಲ, ಮಕ್ಕಳಿಲ್ಲ. ಸಕ್ಕರೆ ಕಾಯಿಲೆಗೂ ಇದಕ್ಕೂ ಕೊಡುವ ಮಾತ್ರೆಯೊಂದನ್ನು ಡಾಕ್ಟರು ಬರೆದಿದ್ದರು; ಅದನ್ನು ಅವಳ ಗಂಡ, ಶುಗರ್ ಮಾತ್ರೆ ಇವಳಿಗ್ಯಾಕೆ ಎಂದು ಒಲೆಗೆ ಹಾಕಿದ್ದ. ಕಾಫಿ ಕೊಯ್ಲು ಮುಗಿಯುವುದರೊಳಗೆ ಬಸುರಾಗದಿದ್ದರೆ ತವರಿಗೆ ಅಟ್ಟುತ್ತೇನೆ ಎಂದೂ ಹೇಳಿದ್ದ.

ಆ ಪುಣ್ಯಾತ್ಮ ಫೋನಿನಲ್ಲಿ ಎಲ್ಲೋ ಓದಿದ: ಕಾಡಿನ ಒಂದು ಬೇರು ಇಲಿಗಳಲ್ಲಿ ಈ ಕಾಯಿಲೆ ವಾಸಿಮಾಡಿತಂತೆ. ಬೇರಿನ ಹೆಸರು ಬರೆಯುವುದಿಲ್ಲ. ನಾಳೆ ಇನ್ನೊಬ್ಬ ಗಂಡ ಅಗೆದು ತಂದಾನು. ತೋಟದ ಕೊಳೆರೋಗಕ್ಕೆ ಬ್ಯಾರಲ್ಲಿನ ಅಳತೆ ನೋಡಿ ಮೈಲುತುತ್ತ ಕಲೆಸಿ ಹೊಡೆಯುವ ಕೈ ಅದು. ಅದೇ ಲೆಕ್ಕ ಹಾಕಿದ. ಇಲಿಯ ತೂಕಕ್ಕೆ ಇಷ್ಟಾದರೆ ಹೆಂಡತಿಯ ತೂಕಕ್ಕೆ ಎಷ್ಟು? ಮೈತೂಕ ಏರಿದಷ್ಟೇ ಔಷಧಿಯ ಪ್ರಮಾಣ ಏರುವುದಿಲ್ಲ, ಇಲಿಯ ಮೈ ಮದ್ದನ್ನು ಬೇಗ ಕರಗಿಸಿಬಿಡುತ್ತದೆ ಎಂದು ಅವನನ್ನು ಕೂರಿಸಿ ಹೇಳುವವರು ಯಾರು? ಹೆಚ್ಚೇ ಇರಲಿ ಎಂದು ಇನ್ನೊಂದು ಹಿಡಿ ಸೇರಿಸಿ ಕುದಿಸಿ, ವಾರಗಟ್ಟಲೆ ದಿನಾ ಕುಡಿಸಿದ.

ಪಕ್ಕದ ತೋಟದವರು ಫೋನ್ ಮಾಡಿ ವಿಷಯ ತಿಳಿಸಿದ ಕೂಡಲೇ ಕಾರು ತೆಗೆದೆ. ನಾನು ಒಳಹೋದಾಗ ಅಡುಗೆಮನೆಯಲ್ಲಿ ಅತ್ತೆ ತಂಗಿಯ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದಿದ್ದರು; ಗಂಡ ಮೂಗು ಅದುಮಿ ಬಾಯಿಗೆ ಲೋಟ ತುರುಕುತ್ತಿದ್ದ. ತುಟಿ ಸೀಳಿ ರಕ್ತ ಕಷಾಯದೊಂದಿಗೆ ಕುತ್ತಿಗೆಗೆ ಇಳಿಯುತ್ತಿತ್ತು. ಕಣ್ಣು ಅರಿಶಿನ ಕಲೆಸಿದ ಹಾಗೆ ಹಳದಿ. ಮೈಯೆಲ್ಲ ಉರಿದುಹೋಯಿತು ನನಗೆ. ಅವನ ಕಪಾಳಕ್ಕೆ ಬಿಟ್ಟ ಏಟಿಗೆ ಲೋಟ ಹಾರಿ ಗೋಡೆಗೆ ಬಡಿಯಿತು.

"ಎಂಥ ಅಕ್ಕ ಇದು, ಕೈ ಮಾಡ್ತೀರಲ್ಲ! ನಿಮ್ಮ ಇಲಿಗಳಿಗೆ ನೀವು ಕುಡ್ಸೋದಿಲ್ವಾ? ಗುಣ ಆಗ್ಲಿ ಅಂತ ತಾನೆ ನಾನೂ ಕುಡ್ಸಿದ್ದು?" ಎಂದ.

"ಗುಣ ಆದ ಇಲೀನೂ ಕೊಂದು ಕುಯ್ದೇ ನೋಡೋದು ಮಾರಾಯ! ಇವಳನ್ನೂ ಕುಯ್ತೀಯಾ?"

ಅವನು ಬಾಗಿಲಿಗೆ ಅಡ್ಡ ನಿಂತ. ನಾನು ಸೌದೆಯ ಪಕ್ಕದಲ್ಲಿದ್ದ ಕತ್ತಿ ಎತ್ತಿಕೊಂಡೆ. ಸರಿಯದಿದ್ದರೆ ಬೀಸಿಯೇ ಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಸರಿದ.

ಆಸ್ಪತ್ರೆಯ ದಾರಿಯಲ್ಲಿ ಗೋಣಿಬೀಡು ದಾಟುವವರೆಗೂ ತಂಗಿ ಕಾರಿನಲ್ಲಿ ವಾಂತಿ ಮಾಡುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿದರು; ಲಿವರ್ ತೀರಾ ಕೆಟ್ಟಿದೆ, ಏನೂ ಹೇಳಲಾಗುವುದಿಲ್ಲ ಎಂದರು. ದೇವರು ದೊಡ್ಡವನು, ಹಳದಿ ಮೆಲ್ಲಗೆ ಇಳಿಯಿತು. ಒಂದು ಬೆಳಗ್ಗೆ ಹಾಸಿಗೆಯಲ್ಲೇ ಮುಟ್ಟಾದಳು. ತಿಂಗಳುಗಟ್ಟಲೆ ಬಾರದೆ ಒಮ್ಮೆಲೇ ಬರುವುದು ಈ ಕಾಯಿಲೆಯ ಚಾಳಿ. ಆದರೆ ನೋಡಲು ಬಂದ ನೆಂಟರು ಸುದ್ದಿಯನ್ನು ಜಾವಳಿಗೆ ಮುಟ್ಟಿಸಿದರು. ಗಂಡ ನನಗೆ ಫೋನ್ ಮಾಡಿದ. ಕುಣಿಯುವುದೊಂದು ಬಾಕಿ.

"ಅಕ್ಕಾ, ಮುಟ್ಟಾದ್ಲಂತೆ! ನಾನು ಹೇಳ್ಲಿಲ್ವಾ? ಬೇರು ಇನ್ನೂ ಇದೆ, ಒಣಗ್ಸಿ ಇಟ್ಟಿದ್ದೀನಿ. ಬೇಗ ಅವಳನ್ನ ಕಳ್ಸಿ."

ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದ ತಂಗಿ ಫೋನ್ ಕಸಿದುಕೊಂಡಳು. ಅವನೆದುರು ಎಂದೂ ದನಿ ಎತ್ತದವಳು ತುಟಿಯ ಹೊಲಿಗೆ ಬಿಚ್ಚುವ ಹಾಗೆ ಕಿರುಚಿದಳು: "ಆ ಬೇರು ನೀವೇ ಅರ್ಕೊಂಡು ಕುಡೀರಿ! ನಾನು ಬರಲ್ಲ, ಸತ್ರೂ ಬರಲ್ಲ!"

ತುಟಿಯಿಂದ ಮತ್ತೆ ರಕ್ತ ಇಳಿಯಿತು. ಒರೆಸಲು ಹೋದರೆ, ಇಲಿಗಳಿಗೆ ಮದ್ದು ಕುಡಿಸುವ ನನ್ನ ಕೈಯನ್ನೂ ತಳ್ಳಿಬಿಟ್ಟಳು.